ಅಪ್‌ಡೇಟ್ ಆದ್ಮೇಲೆ ಸ್ಪೀಕರ್ ಕೆಟ್ಟಿತೇ? ಟಿಕ್ ಶಬ್ದಕ್ಕೆ ಗಡಿಯಾರ ಹಿಡಿಯಿರಿ

ಗಣೇಶನ ಹಬ್ಬ ಮುಗಿದ ಮೂರನೇ ದಿನ ಮೇಷ್ಟ್ರು ಫೋನ್ ಮಾಡಿದರು. ತುಮಕೂರಿನ ಸಿದ್ಧಗಂಗಾ ಬಡಾವಣೆಯಲ್ಲಿ ಅವರ ಮನೆ. ರಿಟೈರ್ ಆದಾಗ ಬಂದ ದುಡ್ಡಿನಲ್ಲಿ ಒಂದು ಜೊತೆ ಆ್ಯಕ್ಟಿವ್ ಸ್ಪೀಕರ್, ಅಂದರೆ ಆಂಪ್ಲಿಫೈಯರ್ ಒಳಗೇ ಇರುವ ಸ್ಪೀಕರ್, ತಗೊಂಡಿದ್ದರು. ಮನೆಯಲ್ಲಿ ಅದಕ್ಕಾಗಿ ಸ್ವಲ್ಪ ಮಾತು ಕೂಡ ಕೇಳಿದ್ದರು.

"ಏನಪ್ಪಾ, ಆ ಅಪ್‌ಡೇಟ್ ಹಾಕಿದ್ದೇ ಹಾಕಿದ್ದು, ಸ್ಪೀಕರ್ ಹಾಳಾಗಿ ಹೋಯ್ತು. ಬಂದು ನೋಡು."

"ಏನಾಗಿದೆ ಸಾರ್?"

"ಒಂದಲ್ಲ, ನಾಲ್ಕಾಗಿದೆ. ಬರೆದಿಟ್ಟಿದ್ದೀನಿ."

ಮೇಷ್ಟ್ರು ಅಂದರೆ ಮೇಷ್ಟ್ರೇ. ಹೋದಾಗ ನಿಜಕ್ಕೂ ಹಾಳೆ ಮೇಲೆ ಬರೆದಿಟ್ಟಿದ್ದರು. ಒಂದು, ಟಿವಿ ಹಾಕಿದರೆ ಟಿಕ್ ಟಿಕ್ ಅನ್ನುತ್ತದೆ. ಎರಡು, ಸೌಂಡ್ ತೆಳ್ಳಗಾಗಿದೆ, ತಬಲಾದ ಡಗ್ಗ ಕೇಳೋದೇ ಇಲ್ಲ. ಮೂರು, ಹಳೆ ರಂಗಗೀತೆ ಹಾಕಿದರೆ ಹಾಡುವವರು ನಡುವೆ ನಿಲ್ಲದೆ ಎಡಗಡೆ ಕಿಟಕಿ ಹತ್ತಿರ ಹೋಗಿದ್ದಾರೆ. ನಾಲ್ಕು, ರಾತ್ರಿ ಮೊಬೈಲ್‌ನಿಂದ ಹಾಡು ಹಾಕಿದರೆ ಮಧ್ಯೆ ನಿಂತು ನಿಂತು ಬರುತ್ತದೆ.

ಈ ನಾಲ್ಕು ಸಾಲು ನೋಡಿದಾಗಲೇ ನನಗೆ ಒಂದು ವಿಷಯ ಖಾತ್ರಿಯಾಯಿತು. ಇದು ಒಂದು ದೋಷ ಅಲ್ಲ. ಒಂದೇ ವಾರದಲ್ಲಿ ಕಾಣಿಸಿಕೊಂಡ ಬೇರೆ ಬೇರೆ ದೋಷಗಳು. ಅಪ್‌ಡೇಟ್ ಆ ವಾರ ಬಂದಿತ್ತು, ಹಾಗಾಗಿ ಎಲ್ಲದರ ಹೊಣೆ ಅದರ ತಲೆಗೆ ಬಂತು. ಆದರೆ ಆ ವಾರ ಇನ್ನೊಂದು ದೊಡ್ಡ ಕೆಲಸವೂ ನಡೆದಿತ್ತು. ಹಬ್ಬಕ್ಕೆ ಮನೆಯೆಲ್ಲ ಧೂಳು ಹೊಡೆದಿದ್ದರು.

ಮೊದಲು ಏನನ್ನೂ ಮುಟ್ಟಬೇಡಿ

ಜನ ಸಾಮಾನ್ಯವಾಗಿ ಮಾಡುವ ಮೊದಲ ತಪ್ಪು ಫ್ಯಾಕ್ಟರಿ ರೀಸೆಟ್. ಸ್ಪೀಕರ್ ಹಿಂದೆ ಒಂದು ಸಣ್ಣ ಬಟನ್ ಇರುತ್ತದೆ, ಹತ್ತು ಸೆಕೆಂಡ್ ಒತ್ತಿ ಹಿಡಿದುಬಿಡುತ್ತಾರೆ. ಅಲ್ಲಿಗೆ ಸುಳಿವೆಲ್ಲ ಹೋಯಿತು. ಯಾವ ಸೆಟ್ಟಿಂಗ್ ಬದಲಾಗಿತ್ತು, ಯಾವುದು ಹಾಗೇ ಇತ್ತು ಅಂತ ಆಮೇಲೆ ಯಾರಿಗೂ ಗೊತ್ತಾಗಲ್ಲ. ರೀಸೆಟ್ ಕೊನೆಯ ಅಸ್ತ್ರ. ಅದನ್ನು ಮೊದಲೇ ಬಿಡಬೇಡಿ.

ಅದರ ಬದಲು ಎರಡು ಪ್ರಶ್ನೆ ಕೇಳಿಕೊಳ್ಳಿ.

ದೋಷ ಯಾವ ಇನ್‌ಪುಟ್‌ನಲ್ಲಿ ಬರುತ್ತಿದೆ? ಟಿವಿಯಲ್ಲಿ ಮಾತ್ರವೇ, ಕಂಪ್ಯೂಟರ್‌ನಲ್ಲಿ ಮಾತ್ರವೇ, ವೈಫೈನಲ್ಲಿ ಮಾತ್ರವೇ, ಅಥವಾ ಎಲ್ಲದರಲ್ಲೂ? ಒಂದೇ ಇನ್‌ಪುಟ್ ಆದರೆ ಆ ದಾರಿಯನ್ನು ನೋಡಿ: ಕೇಬಲ್, ಟಿವಿಯ ಸೆಟ್ಟಿಂಗ್, ರೂಟರ್. ಎಲ್ಲದರಲ್ಲೂ ಆದರೆ ಸಮಸ್ಯೆ ಎಲ್ಲ ದಾರಿಗಳೂ ಸೇರಿದ ಮೇಲಿನದು. ಅಂದರೆ ಸ್ಪೀಕರ್ ಒಳಗಿನ ಸೆಟ್ಟಿಂಗ್, ಡಿಎಸ್‌ಪಿ (ಶಬ್ದದ ಲೆಕ್ಕ ಹಾಕುವ ಚಿಪ್), ಆಂಪ್ಲಿಫೈಯರ್, ಇಲ್ಲವೇ ಕರೆಂಟ್. ಒಂದೇ ಕಡೆಯ ಸ್ಪೀಕರ್‌ನಲ್ಲಿ ಮಾತ್ರ ಬಂದರೆ ಎರಡು ಸ್ಪೀಕರ್‌ಗಳ ನಡುವಿನ ಸಂಪರ್ಕ ನೋಡಿ.

ಎರಡನೆಯದು, ದೋಷದ ರೀತಿ ಎಂಥದು? ಇದರಲ್ಲೇ ಅರ್ಧ ಕೆಲಸ ಮುಗಿಯುತ್ತದೆ. ಡಿಜಿಟಲ್ ಕೇಬಲ್ ಕೆಟ್ಟರೆ ಸೌಂಡ್ ತೆಳ್ಳಗಾಗಲ್ಲ, ಮಂಕಾಗಲ್ಲ, ಬೇಸ್ ಕಡಿಮೆಯಾಗಲ್ಲ. ಟಿಕ್ ಅನ್ನುತ್ತದೆ, ಚರ್ರ್ ಅನ್ನುತ್ತದೆ, ಇಲ್ಲ ಪೂರ್ತಿ ನಿಂತುಹೋಗುತ್ತದೆ. ಸೌಂಡಿನ ಬಣ್ಣವೇ ಬದಲಾಗಿದೆ ಅಂದರೆ ಎಲ್ಲೋ ಒಂದು ಸೆಟ್ಟಿಂಗ್ ಬದಲಾಗಿದೆ. "ಕೇಬಲ್ ಬದಲಿಸಿದೆ, ಕಂಠ ಇನ್ನೂ ಮೃದುವಾಯಿತು" ಅನ್ನುವವರ ಜೊತೆ ನಾನು ವಾದ ಮಾಡೋದು ಬಿಟ್ಟು ಬಹಳ ದಿನ ಆಯಿತು. ಆದರೆ ದೋಷ ಹುಡುಕುವಾಗ ಆ ನಂಬಿಕೆ ಇಟ್ಟುಕೊಂಡರೆ ದುಡ್ಡೂ ಹೋಗುತ್ತದೆ, ದೋಷವೂ ಉಳಿಯುತ್ತದೆ.

ಅಪ್‌ಡೇಟ್‌ನಿಂದ ಸೌಂಡ್ ನಿಜವಾಗಿಯೂ ಬದಲಾಗಬಹುದೇ? ಆಗಬಹುದು. ಮಾಮೂಲಿ ಸ್ಪೀಕರ್‌ನಲ್ಲಿ ಬೇಸ್ ಮತ್ತು ಟ್ರೆಬಲ್ ಬೇರೆ ಮಾಡುವುದು ಒಳಗಿನ ಕಾಯಿಲ್, ಕೆಪಾಸಿಟರ್. ಅವನ್ನು ಯಾವ ಅಪ್‌ಡೇಟೂ ಮುಟ್ಟಲಾರದು. ಈಗಿನ ಇಂಥ ಆ್ಯಕ್ಟಿವ್ ಸ್ಪೀಕರ್‌ಗಳಲ್ಲಿ ಆ ಕೆಲಸವನ್ನು ಡಿಎಸ್‌ಪಿ ಅನ್ನುವ ಚಿಪ್ ಲೆಕ್ಕ ಹಾಕಿ ಮಾಡುತ್ತದೆ. ಆಮೇಲೆ ಬೇಸ್ ನುಡಿಸುವ ವೂಫರ್‌ಗೆ ಒಂದು ಆಂಪ್ಲಿಫೈಯರ್, ಟ್ರೆಬಲ್ ನುಡಿಸುವ ಟ್ವೀಟರ್‌ಗೆ ಇನ್ನೊಂದು. ಆ ಲೆಕ್ಕ ಇರುವುದು ಫರ್ಮ್‌ವೇರ್‌ನಲ್ಲಿ, ಅಂದರೆ ಸ್ಪೀಕರ್ ಒಳಗಿನ ಸಾಫ್ಟ್‌ವೇರ್‌ನಲ್ಲಿ. ಅಪ್‌ಡೇಟ್ ಬದಲಿಸುವುದು ಅದನ್ನೇ. ಹಾಗಾಗಿ ಮೇಷ್ಟ್ರ ಅನುಮಾನ ಪೂರ್ತಿ ತಪ್ಪೇನಲ್ಲ.

ಯಾವ ದಾರಿ ಹೇಗೆ ಕೆಡುತ್ತದೆ

ಡಿಜಿಟಲ್ ಅಂದ ಮಾತ್ರಕ್ಕೆ ಎಲ್ಲ ದಾರಿಯೂ ಒಂದೇ ಥರ ಅಲ್ಲ. ತಪ್ಪಾದ ಡೇಟಾವನ್ನು ಏನು ಮಾಡಬೇಕು ಅನ್ನುವುದರಲ್ಲಿ ಒಂದೊಂದಕ್ಕೂ ಒಂದೊಂದು ಸ್ವಭಾವ. ಅದು ಗೊತ್ತಿದ್ದರೆ ಕಿವಿಯೇ ಮೀಟರ್.

ಆಪ್ಟಿಕಲ್ (ಬೆಳಕಿನ ಕೇಬಲ್) ಮತ್ತು ಕೋಆಕ್ಸಿಯಲ್ (ತಾಮ್ರದ ತಂತಿ) ದಾರಿಯಲ್ಲಿ ಹೋಗುವುದು ಎಸ್‌ಪಿಡಿಐಎಫ್ ಸಿಗ್ನಲ್. ಸೋನಿ ಮತ್ತು ಫಿಲಿಪ್ಸ್ ಸೇರಿ ಮಾಡಿದ್ದು, ಹೆಸರೂ ಅಲ್ಲಿಂದಲೇ ಬಂದಿದ್ದು. ಆಪ್ಟಿಕಲ್ ಕೇಬಲ್ಲನ್ನು ತೋಷಿಬಾ 1983ರಲ್ಲಿ ತಂದಿತು. ಇದು ಒಮ್ಮುಖ ರಸ್ತೆ. ಟಿವಿ ಕಳಿಸುತ್ತಲೇ ಇರುತ್ತದೆ, ಸ್ಪೀಕರ್ ತಗೊಳ್ಳುತ್ತಲೇ ಇರಬೇಕು. ಒಂದು ಸ್ಯಾಂಪಲ್, ಅಂದರೆ ಶಬ್ದದ ಒಂದು ಕ್ಷಣದ ಅಳತೆ, ಕೆಟ್ಟು ಬಂದರೆ "ಇನ್ನೊಂದ್ಸಲ ಕಳಿಸು" ಅಂತ ಕೇಳೋ ವ್ಯವಸ್ಥೆಯೇ ಇಲ್ಲ. ಅದರ ಜೊತೆಗೆ ಗಡಿಯಾರವೂ ಅದೇ ಸಿಗ್ನಲ್‌ನಲ್ಲಿ ಸೇರಿಕೊಂಡಿರುತ್ತದೆ. ಸ್ಪೀಕರ್ ಆ ಸಿಗ್ನಲ್‌ನ ಏರಿಳಿತದಿಂದಲೇ ಲಯ ಹಿಡಿಯಬೇಕು. ಲಯ ತಪ್ಪಿದರೆ ಸುಮ್ಮನಾಗಿ, ಮತ್ತೆ ಹಿಡಿದು ಶುರು ಮಾಡುತ್ತದೆ. ಆಗಲೇ ಒಂದು ಕ್ಷಣ ಕಟ್ ಆದಂತೆ ಕೇಳುವುದು.

ಇಲ್ಲಿ ಒಂದು ಲೆಕ್ಕ ಉಪಯೋಗಕ್ಕೆ ಬರುತ್ತದೆ. ಈ ದಾರಿಯಲ್ಲಿ ಪ್ರತಿ ಸ್ಯಾಂಪಲ್‌ಗೆ ಎರಡೂ ಚಾನೆಲ್ ಸೇರಿ 64 ಬಿಟ್ ಹೋಗುತ್ತದೆ. 44.1 ಕಿಲೋಹರ್ಟ್ಸ್ (ಸೆಕೆಂಡಿಗೆ 44,100 ಸ್ಯಾಂಪಲ್) ರೇಟ್‌ನ ಸಿಡಿಗೆ ಸೆಕೆಂಡಿಗೆ 2.8 ಮೆಗಾಬಿಟ್. ಟಿವಿಯ 48 ಕಿಲೋಹರ್ಟ್ಸ್‌ಗೆ 3 ಮೆಗಾಬಿಟ್. 96ಕ್ಕೆ 6.1. 192ಕ್ಕೆ 12.3. ರೇಟ್ ಏರಿದಷ್ಟೂ ಕೇಬಲ್ ಮೇಲೆ ಹೊರೆ ಜಾಸ್ತಿ. ಅದಕ್ಕೇ 44.1ರಲ್ಲಿ ಸರಿಯಾಗಿದ್ದ ಕೇಬಲ್ 96ರಲ್ಲಿ ಟಿಕ್ ಅನ್ನಬಹುದು, 192ರಲ್ಲಿ ಬಾಯಿಯೇ ಬಿಡದಿರಬಹುದು. ಇದನ್ನೇ ಪರೀಕ್ಷೆಯಾಗಿ ಬಳಸಿ. ಒಂದೇ ಹಾಡನ್ನು ಬೇರೆ ಬೇರೆ ರೇಟ್‌ನಲ್ಲಿ ಹಾಕಿ. ರೇಟ್ ಇಳಿಸಿದಾಗ ಟಿಕ್ ನಿಂತರೆ ಅದು ಕೇಬಲ್ ಅಥವಾ ಸಾಕೆಟ್‌ನ ಬಲ ಸಾಲದೇ ಬಂದ ದೋಷ. ಫರ್ಮ್‌ವೇರ್ ಮೇಲೆ ಅನುಮಾನ ಪಡುವ ಮುನ್ನ ಕೇಬಲ್ ಬದಲಿಸಿ ನೋಡಿ.

ಯುಎಸ್‌ಬಿ ದಾರಿಯಲ್ಲಿ ಸ್ವಲ್ಪ ಬೇರೆ. ಡೇಟಾ ಕೆಟ್ಟು ಬಂದಿದ್ದು ಸ್ಪೀಕರ್‌ಗೆ ಗೊತ್ತಾಗುತ್ತದೆ, ಆದರೆ ಆಡಿಯೋಗೆ ಬಳಸುವ ವಿಧಾನದಲ್ಲಿ ಮತ್ತೆ ಕೇಳುವ ಹಾಗಿಲ್ಲ. ಹಾಗಾಗಿ ಇಲ್ಲೂ ಟಿಕ್ಕೇ.

ವೈಫೈ ಅಥವಾ ಲ್ಯಾನ್ ಮೂಲಕ ಸ್ಟ್ರೀಮ್ ಮಾಡುವಾಗ ಕಥೆ ಉಲ್ಟಾ. ಸಾಮಾನ್ಯವಾಗಿ ಕಳೆದುಹೋದ ಡೇಟಾವನ್ನು ಮತ್ತೆ ಕೇಳಿ ತರಿಸಿಕೊಳ್ಳುತ್ತದೆ. ಅಲ್ಲಿಯವರೆಗೆ ಬಫರ್‌ನಲ್ಲಿ ಕೂಡಿಟ್ಟಿದ್ದು ಖರ್ಚಾಗುತ್ತಿರುತ್ತದೆ. ಬಫರ್ ಖಾಲಿಯಾದರೆ ಹಾಡು ನಿಲ್ಲುತ್ತದೆ, ತುಂಬಿದ ಮೇಲೆ ಮುಂದುವರಿಯುತ್ತದೆ. ಅಂದರೆ ನೆಟ್‌ವರ್ಕ್ ಕೆಟ್ಟರೆ ಟಿಕ್ ಬರೋದು ಅಪರೂಪ, ಬರೋದು ಖಾಲಿ ಜಾಗ. ಮೇಷ್ಟ್ರ ಹಾಳೆಯಲ್ಲಿ ಒಂದನೇ ಸಾಲಿನಲ್ಲಿ "ಟಿಕ್ ಟಿಕ್", ನಾಲ್ಕನೇ ಸಾಲಿನಲ್ಲಿ "ನಿಂತು ನಿಂತು" ಅಂತ ಇತ್ತು. ಆ ಎರಡು ಪದ ಅವರು ಸುಮ್ನೆ ಬರೆದಿರಲಿಲ್ಲ. ಅಷ್ಟೇ ಸಾಕಾಗಿತ್ತು ಎರಡೂ ಬೇರೆ ಅಂತ ಹೇಳಲು.

ಟಿಕ್‌ಗೆ ಗಡಿಯಾರ

ಟಿಕ್ ಬರುತ್ತಿದ್ದರೆ ಪೆನ್ನು, ಗಡಿಯಾರ ಹಿಡಿದು ಹತ್ತು ನಿಮಿಷ ಕೂತುಕೊಳ್ಳಿ. ಬೇಜಾರಿನ ಕೆಲಸ, ಆದರೆ ಇದಕ್ಕಿಂತ ಒಳ್ಳೆಯ ಉಪಕರಣ ನನ್ನ ಹತ್ತಿರ ಇಲ್ಲ.

ಟಿಕ್‌ಗೆ ಲೆಕ್ಕವಿಲ್ಲ, ಕೇಬಲ್ ಅಲ್ಲಾಡಿಸಿದರೆ ಜಾಸ್ತಿಯಾಗುತ್ತದೆ: ಕೇಬಲ್, ಸಾಕೆಟ್. ಫ್ರಿಜ್ ಶುರುವಾದಾಗ, ಬೋರ್ ಮೋಟಾರ್ ಹಾಕಿದಾಗ ಬರುತ್ತದೆ: ಕರೆಂಟ್ ಲೈನ್. ಪ್ರತಿ ಸಲ ಹೆಚ್ಚೂಕಡಿಮೆ ಅಷ್ಟೇ ಹೊತ್ತಿಗೆ ಬರುತ್ತದೆ: ಇಲ್ಲಿ ನಿಲ್ಲಿ, ಇದು ಸ್ವಾರಸ್ಯದ ಕೇಸು.

ಕಂಪ್ಯೂಟರ್‌ನ ಗಡಿಯಾರ, ಸ್ಪೀಕರ್‌ನ ಗಡಿಯಾರ ಎರಡೂ 48 ಕಿಲೋಹರ್ಟ್ಸ್ ಅಂದುಕೊಂಡರೂ ತದ್ವತ್ ಒಂದೇ ಅಲ್ಲ. ಎರಡರ ನಡುವೆ ಹತ್ತು ಲಕ್ಷಕ್ಕೆ 50ರಷ್ಟು ವ್ಯತ್ಯಾಸ ಇದೆ ಅಂತಿಟ್ಟುಕೊಳ್ಳಿ. ಆಗ ಸೆಕೆಂಡಿಗೆ 2.4 ಸ್ಯಾಂಪಲ್ ಹೆಚ್ಚೋ ಕಡಿಮೆಯೋ ಆಗುತ್ತಾ ಹೋಗುತ್ತದೆ. ಬಫರ್‌ನಲ್ಲಿ 256 ಸ್ಯಾಂಪಲ್‌ನಷ್ಟು ಜಾಗ ಇದ್ದರೆ ಸುಮಾರು 107 ಸೆಕೆಂಡಿನಲ್ಲಿ ಅದು ತುಂಬುತ್ತದೆ ಅಥವಾ ಖಾಲಿಯಾಗುತ್ತದೆ. ಟಿಕ್. ಮತ್ತೆ 107 ಸೆಕೆಂಡ್. ಮತ್ತೆ ಟಿಕ್. ಇದಾಗದಂತೆ ಎರಡು ಗಡಿಯಾರಗಳನ್ನು ಹೊಂದಿಸುವ ಕೆಲಸ ಫರ್ಮ್‌ವೇರ್‌ನದು. ಒಂದೋ ಸ್ಪೀಕರ್ ಕಂಪ್ಯೂಟರ್‌ಗೆ "ಸ್ವಲ್ಪ ನಿಧಾನ ಕಳಿಸು" ಅಂತ ಹೇಳುತ್ತಿರಬೇಕು, ಇಲ್ಲ ಬಂದಿದ್ದನ್ನು ತನ್ನ ಲಯಕ್ಕೆ ಬದಲಿಸಿಕೊಳ್ಳಬೇಕು.

ತಿಪಟೂರಿನ ಒಬ್ಬ ಹುಡುಗನ ಸ್ಪೀಕರ್‌ನಲ್ಲಿ ಹೀಗೇ ಆಗಿತ್ತು. ಯುಎಸ್‌ಬಿಯಲ್ಲಿ ಒಂದೂವರೆ, ಒಂದೂಮುಕ್ಕಾಲು ನಿಮಿಷಕ್ಕೊಮ್ಮೆ ಟಿಕ್. ಆಪ್ಟಿಕಲ್‌ನಲ್ಲಿ ಇಲ್ಲ. ಮೂರು ಕೇಬಲ್ ಬದಲಿಸಿ ಸೋತಿದ್ದ. ಬೇರೆ ಲ್ಯಾಪ್‌ಟಾಪ್ ಹಾಕಿದಾಗ ಅವಧಿ ಬದಲಾಯಿತು, ಟಿಕ್ ಹೋಗಲಿಲ್ಲ. ಅಲ್ಲಿ ಅಪ್‌ಡೇಟೇ ಅಪರಾಧಿ. ಟಿಕ್‌ಗಳ ಸಮಯ ಬರೆದು ಕಂಪನಿಗೆ ಕಳಿಸಲು ಹೇಳಿದೆ. ಮುಂದಿನ ಆವೃತ್ತಿಯಲ್ಲಿ ಸರಿಹೋಯಿತು. "ಸೌಂಡ್ ಸರಿಯಿಲ್ಲ" ಅಂತ ಬರೆದರೆ ಯಾವ ಕಂಪನಿಯೂ ಏನೂ ಮಾಡಲ್ಲ. "ಯುಎಸ್‌ಬಿಯಲ್ಲಿ ಮಾತ್ರ, ಇಷ್ಟು ಸೆಕೆಂಡಿಗೊಮ್ಮೆ, ಇಂಥ ಆವೃತ್ತಿಯಿಂದ" ಅಂತ ಬರೆದರೆ ಓದುತ್ತಾರೆ.

ಮೇಷ್ಟ್ರ ಟಿವಿಯ ಟಿಕ್‌ಗೆ ಅಂಥ ಲಯ ಇರಲಿಲ್ಲ. ಒಮ್ಮೆ ನಾಲ್ಕು ಸೆಕೆಂಡಿಗೆ, ಒಮ್ಮೆ ಅರ್ಧ ನಿಮಿಷಕ್ಕೆ. ಟಿವಿ ಸ್ಟ್ಯಾಂಡ್ ಹಿಂದೆ ಬಗ್ಗಿ ನೋಡಿದೆ. ಸ್ಟ್ಯಾಂಡ್ ಗೋಡೆಗೆ ಒತ್ತಿಕೊಂಡಿತ್ತು. ಮೇಷ್ಟ್ರ ಮನೆಯವರನ್ನು ಕೇಳಿದೆ.

"ಇದನ್ನ ಯಾರಾದ್ರೂ ಸರಿಸಿದ್ರಾ ಅಮ್ಮಾ?"

"ಹಬ್ಬಕ್ಕೆ ಧೂಳು ಹೊಡೆದ್ವಲ್ಲಪ್ಪಾ. ಗಣಪತಿ ಕೂರಿಸೋಕೆ ಜಾಗ ಬೇಕಿತ್ತು, ಸ್ವಲ್ಪ ಹಿಂದಕ್ಕೆ ತಳ್ಳಿಸಿದೆ."

ಆಪ್ಟಿಕಲ್ ಕೇಬಲ್ ಸಾಕೆಟ್‌ನಿಂದ ಹೊರಬಂದ ಕೂಡಲೇ ಮೂಲೆಯಾಗಿ ಮಡಚಿಕೊಂಡಿತ್ತು. ಅದರೊಳಗೆ ಹೋಗುವುದು ಕೆಂಪು ಬೆಳಕು. ಗಟ್ಟಿಯಾಗಿ ಮಡಚಿದ ಕಡೆ ಬೆಳಕು ಹೊರಗೆ ಸೋರಿಹೋಗುತ್ತದೆ. ಒಂದು ಬಳೆಯ ಸುತ್ತಿಗಿಂತ ಸಣ್ಣದಾಗಿ ಇದನ್ನು ಬಗ್ಗಿಸಬೇಡಿ. ಟಿವಿ ಆನ್ ಇರುವಾಗ ಕೇಬಲ್‌ನ ಸ್ಪೀಕರ್ ಕಡೆಯ ತುದಿ ಬಿಚ್ಚಿ ಅಂಗೈ ಹತ್ತಿರ ಹಿಡಿದರೆ ಕೆಂಪು ಚುಕ್ಕೆ ಕಾಣಬೇಕು. ಕಂಡರೆ ಕೇಬಲ್ ಸರಿ ಇದೆ ಅಂತಲ್ಲ, ಕಾಣದಿದ್ದರೆ ಕೇಬಲ್ಲೋ ಟಿವಿಯ ಔಟ್‌ಪುಟ್ಟೋ ಸರಿ ಇಲ್ಲ. ಹೊಸ ಕೇಬಲ್ ಆದರೆ ತುದಿಯ ಸಣ್ಣ ಪ್ಲಾಸ್ಟಿಕ್ ಟೋಪಿ ತೆಗೆದಿದ್ದೀರಾ ನೋಡಿ. ನಗಬೇಡಿ, ನಾನೇ ಒಮ್ಮೆ ಅದನ್ನು ತೆಗೆಯದೆ ಅರ್ಧ ಗಂಟೆ ಟಿವಿಯನ್ನು ಬೈದಿದ್ದೇನೆ.

ಸ್ಟ್ಯಾಂಡ್ ಮುಂದೆ ಎಳೆದೆವು. ಮಡಚಿದ ಕಡೆ ಕೇಬಲ್ ಬಿಳಿಚಿಕೊಂಡಿತ್ತು, ನೇರ ಮಾಡಿದರೂ ಟಿಕ್ ಪೂರ್ತಿ ಹೋಗಲಿಲ್ಲ. ಎಂ.ಜಿ. ರಸ್ತೆಯಿಂದ ಹೊಸದು ತಂದು ಹಾಕಿದ ಮೇಲೆ ಹೋಯಿತು. ಹಾಳೆಯ ಮೊದಲ ಸಾಲಿನ ಮೇಲೆ ಮೇಷ್ಟ್ರೇ ಗೀಟು ಹಾಕಿದರು.

ಟಿವಿ ವಿಷಯದಲ್ಲಿ ಇನ್ನೊಂದು ಮಾತು. ಕೆಲವು ಚಾನೆಲ್‌ನಲ್ಲಿ ಮಾತ್ರ ಸೌಂಡೇ ಬರಲ್ಲ, ಇಲ್ಲ ಮಳೆ ಸುರಿದ ಹಾಗೆ ಚರ್ರ್ ಅನ್ನುತ್ತದೆ ಅಂದರೆ ಕೇಬಲ್ ಮುಟ್ಟಲೇಬೇಡಿ. ಟಿವಿ ಡಾಲ್ಬಿ ಅನ್ನುವ, ಒತ್ತಿ ಗಂಟು ಕಟ್ಟಿದ ಸಿಗ್ನಲ್ ಕಳಿಸುತ್ತಿದೆ, ಸ್ಪೀಕರ್‌ಗೆ ಅದನ್ನು ಬಿಡಿಸಲು ಬರಲ್ಲ. ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ ಅನ್ನು ಪಿಸಿಎಂ (ಬಿಡಿಸಬೇಕಿಲ್ಲದ ಸಾದಾ ಸಿಗ್ನಲ್) ಅಂತ ಇಡಿ. ಸೆಟ್‌ಟಾಪ್ ಬಾಕ್ಸ್‌ನಲ್ಲೂ ಇದೇ ಸೆಟ್ಟಿಂಗ್ ಇರುತ್ತದೆ. ಟಿವಿಗೂ ತಾನಾಗಿಯೇ ಅಪ್‌ಡೇಟ್ ಬರುತ್ತದೆ, ಬಂದಾಗ ಇದು ಮತ್ತೆ ಆಟೋಗೆ ಹೋಗಿಬಿಡಬಹುದು. ಎಷ್ಟೋ ಸಲ ಬೈಸಿಕೊಳ್ಳುವುದು ಸ್ಪೀಕರ್‌ನ ಅಪ್‌ಡೇಟ್, ತಪ್ಪು ಮಾಡಿರುವುದು ಟಿವಿಯ ಅಪ್‌ಡೇಟ್.

ಸೌಂಡ್ ತೆಳ್ಳಗಾದರೆ

ಮೇಷ್ಟ್ರ ಎರಡನೇ ದೂರು ಎಲ್ಲ ಇನ್‌ಪುಟ್‌ನಲ್ಲೂ ಇತ್ತು. ಹಾಗಾಗಿ ಕೇಬಲ್ ಅಲ್ಲ. ಆ್ಯಪ್ ತೆಗೆದೆ. ಸ್ಪೀಕರ್ ಎಲ್ಲಿ ಇಟ್ಟಿದ್ದೀರಿ ಅನ್ನುವ ಸೆಟ್ಟಿಂಗ್ "ಗೋಡೆ ಪಕ್ಕ" ಅಂತ ಇತ್ತು. ಮೇಷ್ಟ್ರ ಸ್ಪೀಕರ್‌ಗಳು ಗೋಡೆಯಿಂದ ಎರಡೂವರೆ ಅಡಿ ಮುಂದೆ ಸ್ಟ್ಯಾಂಡ್ ಮೇಲಿವೆ. ಹಿಂದೆ ನಾನೇ "ಸ್ಟ್ಯಾಂಡ್ ಮೇಲೆ" ಅಂತ ಹೊಂದಿಸಿದ್ದೆ. ಅಪ್‌ಡೇಟ್ ಆದಾಗ ಅದು ಕಂಪನಿಯ ಮೊದಲಿನ ಸೆಟ್ಟಿಂಗ್‌ಗೆ ವಾಪಸ್ ಹೋಗಿತ್ತು.

ಗೋಡೆ ಪಕ್ಕ ಇಟ್ಟ ಸ್ಪೀಕರ್‌ನ ಬೇಸ್ ಗೋಡೆಗೆ ಬಡಿದು ವಾಪಸ್ ಬಂದು 6 ಡೆಸಿಬಲ್‌ವರೆಗೂ ಜಾಸ್ತಿಯಾಗಬಹುದು. ಅದಕ್ಕೆ ಆ ಸೆಟ್ಟಿಂಗ್ ಬೇಸ್ ಅನ್ನು ಮುಂಚೆಯೇ ಇಳಿಸಿಡುತ್ತದೆ. ಗೋಡೆ ದೂರ ಇದ್ದಾಗ ಅದು ಬೇಡದ ಇಳಿತ. ಡಗ್ಗ ಮಾಯವಾಗಿದ್ದು ಹೀಗೆ.

ಇದರ ಅಕ್ಕಪಕ್ಕದಲ್ಲೇ ಇನ್ನೂ ಎರಡು ನೋಡಬೇಕು. ಸಬ್‌ವೂಫರ್ ಇಲ್ಲದಿದ್ದರೂ "ಸಬ್‌ವೂಫರ್ ಇದೆ" ಅಂತ ಆನ್ ಆಗಿದ್ದರೆ ಕೆಳಗಿನ ಬೇಸ್ ಪೂರ್ತಿ ಇಲ್ಲದ ಪೆಟ್ಟಿಗೆಗೆ ಹೋಗಿಬಿಡುತ್ತದೆ. ಇನ್ನೊಂದು ವಾಲ್ಯೂಮ್. ಕೆಲವು ಅಪ್‌ಡೇಟ್‌ನಲ್ಲಿ ವಾಲ್ಯೂಮ್‌ನ ಅಳತೆಯೇ ಬದಲಾಗುತ್ತದೆ, ಮುಂಚಿನ 40 ಈಗಿನ 40 ಅಲ್ಲ. ಸೌಂಡ್ ಸ್ವಲ್ಪ ಕಡಿಮೆಯಾದರೂ ನಮ್ಮ ಕಿವಿಗೆ ಅದು "ಕಡಿಮೆ" ಅನಿಸಲ್ಲ, "ಸತ್ವ ಇಲ್ಲ" ಅನಿಸುತ್ತದೆ. ಹಳೆಯದು ಹೊಸದು ಹೋಲಿಸುವ ಮುನ್ನ ಮೊಬೈಲ್‌ನ ಯಾವುದಾದರೂ ಡೆಸಿಬಲ್ ಆ್ಯಪ್ ಇಟ್ಟು ಒಂದೇ ಮಟ್ಟಕ್ಕೆ ತನ್ನಿ. ಆಮೇಲೆ ಅಭಿಪ್ರಾಯ ಹೇಳಿ.

ಹಾಡುವವರು ಕಿಟಕಿಗೆ ಹೋದಾಗ

ನನಗೆ ಬಹಳ ಇಷ್ಟವಾದ ದೂರು ಇದು. ಇಷ್ಟು ಸರಿಯಾಗಿ ದೋಷ ಹೇಳುವವರು ಸಿಗೋದು ಅಪರೂಪ.

ಮೇಷ್ಟ್ರ ಹತ್ತಿರ ಹಳೆಯ 78 ಆರ್‌ಪಿಎಂ ಪ್ಲೇಟ್‌ಗಳಿಂದ ಮಾಡಿಸಿಕೊಂಡ ರಂಗಗೀತೆಗಳಿವೆ. ಅವರ ಊರು ಗುಬ್ಬಿ ಕಡೆ. 1884ರಲ್ಲಿ ಶುರುವಾದ ನಾಟಕ ಕಂಪನಿಯ ಊರು. ನಾಟಕದ ಹಾಡು ಅಂದರೆ ಅವರಿಗೆ ಊಟ ಬೇಡ. ಆ ಪ್ಲೇಟ್‌ಗಳೆಲ್ಲ ಮೋನೋ. ಎಡಕ್ಕೂ ಬಲಕ್ಕೂ ಹೋಗುವುದು ಒಂದೇ ಸಿಗ್ನಲ್. ನಡುವೆ ಕೂತು ಕೇಳಿದರೆ ಕಂಠ ಎರಡು ಸ್ಪೀಕರ್‌ಗಳ ನಟ್ಟನಡುವೆ ನಿಲ್ಲಬೇಕು. ಅದಕ್ಕೇ ಹಳೆ ಮೋನೋ ಹಾಡು ಸ್ಪೀಕರ್ ಪರೀಕ್ಷೆಗೆ ಬಲು ಒಳ್ಳೆಯದು. ಹೊಸ ಸ್ಟೀರಿಯೋ ಹಾಡಿನಲ್ಲಿ ಇಂಥ ದೋಷ ಅಡಗಿ ಕೂರುತ್ತದೆ.

ಕಂಠ ಒಂದು ಕಡೆಗೆ ಸರಿದರೆ ಮೂರು ಸಾಧ್ಯತೆ. ಒಂದು ಕಡೆ ವಾಲ್ಯೂಮ್ ಜಾಸ್ತಿ ಇದೆ. ಅಥವಾ ಒಂದು ಕಡೆಯದು ಮೊದಲು ಬರುತ್ತಿದೆ. ಅಥವಾ ಒಂದು ಕಡೆಯ ಪ್ಲಸ್ ಮೈನಸ್ ಉಲ್ಟಾ ಆಗಿದೆ. ಉಲ್ಟಾ ಆಗಿದ್ದರೆ ಕಂಠ ಒಂದು ಕಡೆ ನಿಲ್ಲಲ್ಲ, ಎಲ್ಲೆಲ್ಲೋ ಹರಡಿಕೊಳ್ಳುತ್ತದೆ, ಬೇಸೂ ಬತ್ತಿಹೋಗುತ್ತದೆ. ಇಲ್ಲಿ ಕಂಠ ಖಚಿತವಾಗಿ ಎಡಕ್ಕೆ ಹೋಗಿತ್ತು. ಬ್ಯಾಲೆನ್ಸ್ ನೋಡಿದೆ, ನಡುವೆಯೇ ಇತ್ತು. ಉಳಿದಿದ್ದು ಸಮಯ.

ಎರಡು ಕಡೆಯಿಂದ ಒಂದೇ ಶಬ್ದ ಬಂದರೆ, ಯಾವುದು ಮೊದಲು ಬಂತೋ ಆ ಕಡೆಯಿಂದಲೇ ಬಂದಂತೆ ಕಿವಿಗೆ ಅನಿಸುತ್ತದೆ. ಹೆಲ್ಮುಟ್ ಹಾಸ್ ಅನ್ನುವವರು 1940ರ ದಶಕದ ಕೊನೆಯಲ್ಲಿ ಇದರ ಮೇಲೆ ಪ್ರಯೋಗ ಮಾಡಿದರು, ಇದಕ್ಕೆ ಅವರ ಹೆಸರೇ ಉಳಿದಿದೆ. ಒಂದು ಮಿಲಿಸೆಕೆಂಡ್ ಹೆಚ್ಚುಕಡಿಮೆಯಾದರೂ ಸಾಕು, ಹಾಡುವವರು ಎದ್ದು ಪಕ್ಕಕ್ಕೆ ಹೋಗುತ್ತಾರೆ.

ಅಳೆಯೋದು ಕಷ್ಟ ಅಲ್ಲ. ಮೋನೋದಲ್ಲಿ ಒಂದೇ ಒಂದು "ಟಕ್" ಶಬ್ದದ ಫೈಲ್ ಹಾಕಿದೆ. ಎರಡೂ ಸ್ಪೀಕರ್‌ಗೆ ಟೇಪಿನಲ್ಲಿ ಅಳೆದು ಸಮದೂರದಲ್ಲಿ ಫೋನ್ ಇಟ್ಟು ರೆಕಾರ್ಡ್ ಮಾಡಿದೆ. ಲ್ಯಾಪ್‌ಟಾಪ್‌ನಲ್ಲಿ ಆಡಾಸಿಟಿ ಅನ್ನುವ ಆಡಿಯೋ ಸಾಫ್ಟ್‌ವೇರ್ ತೆಗೆದು ದೊಡ್ಡದು ಮಾಡಿ ನೋಡಿದರೆ ಒಂದು ಗೆರೆಯ ಬದಲು ಎರಡು ಗೆರೆ. ನಡುವೆ ಸುಮಾರು 5 ಮಿಲಿಸೆಕೆಂಡ್. ಶಬ್ದ ಒಂದು ಮಿಲಿಸೆಕೆಂಡಿಗೆ 34 ಸೆಂಟಿಮೀಟರ್ ಹೋಗುತ್ತದೆ. ಅಂದರೆ ಬಲಗಡೆ ಸ್ಪೀಕರನ್ನು 1.7 ಮೀಟರ್ ಹಿಂದಕ್ಕೆ, ಪಕ್ಕದ ರೂಮಿನ ಒಳಗೆ ಇಟ್ಟ ಹಾಗೆ.

ಯಾಕೆ ಹೀಗೆ? ಈ ಜೋಡಿಯಲ್ಲಿ ಒಂದು ಮುಖ್ಯ ಸ್ಪೀಕರ್, ಇನ್ನೊಂದು ಜೊತೆ ಸ್ಪೀಕರ್. ಎರಡಕ್ಕೂ ಅದರದರದೇ ಫರ್ಮ್‌ವೇರ್. ಡಿಎಸ್‌ಪಿ ಲೆಕ್ಕ ಹಾಕಲು ಸ್ವಲ್ಪ ಸಮಯ ತಗೊಳ್ಳುತ್ತದೆ. ಎರಡರಲ್ಲೂ ಒಂದೇ ಆವೃತ್ತಿ ಇದ್ದರೆ ಇಬ್ಬರೂ ಅಷ್ಟೇ ತಡ, ಯಾರಿಗೂ ಗೊತ್ತಾಗಲ್ಲ. ಆವೃತ್ತಿ ಬೇರೆಯಾದರೆ ತಡವೂ ಬೇರೆ.

ಆ್ಯಪ್‌ನ ಮೊದಲ ಪುಟದಲ್ಲಿ ಹೊಸ ಆವೃತ್ತಿಯ ನಂಬರ್ ಕಾಣುತ್ತಿತ್ತು. ಅದು ಮುಖ್ಯ ಸ್ಪೀಕರ್‌ನದು. ಒಳಗೆ ಇನ್ನೂ ಎರಡು ಪುಟ ದಾಟಿ ಹೋದರೆ ಜೊತೆ ಸ್ಪೀಕರ್‌ನ ನಂಬರ್. ಅದು ಹಳೆಯದೇ ಇತ್ತು.

"ಸಾರ್, ಅಪ್‌ಡೇಟ್ ಆಗ್ತಿರೋವಾಗ ಕರೆಂಟ್ ಏನಾದ್ರೂ ಹೋಗಿತ್ತಾ?"

"ಹೋಗಿತ್ತು. ಆದ್ರೆ ಯುಪಿಎಸ್ ಇದೆಯಲ್ಲಪ್ಪಾ, ಒಂದು ಕ್ಷಣ ಅಷ್ಟೇ."

ಆ ಒಂದು ಕ್ಷಣವೇ ಸಾಕು. ಮನೆಯ ಯುಪಿಎಸ್ ಬ್ಯಾಟರಿಗೆ ಬದಲಾಗಲು ತಗೊಳ್ಳುವ ಹೊತ್ತು ಫ್ಯಾನಿಗೆ ಗೊತ್ತಾಗಲ್ಲ, ಬಲ್ಬಿಗೆ ಗೊತ್ತಾಗಲ್ಲ. ರೂಟರ್ ಆಫ್ ಆಗಿ ಆನ್ ಆಗಿಬಿಡಬಹುದು. ಮುಖ್ಯ ಸ್ಪೀಕರ್ ಅಷ್ಟರಲ್ಲಿ ತನ್ನದು ಮುಗಿಸಿಕೊಂಡಿತ್ತು, ಜೊತೆಯದಕ್ಕೆ ಕೊಡುವ ಹೊತ್ತಿಗೆ ಎಲ್ಲ ಕಡಿದುಹೋಗಿತ್ತು. ಪುಣ್ಯಕ್ಕೆ ಜೊತೆ ಸ್ಪೀಕರ್ ಹಳೆಯದರಲ್ಲೇ ಉಳಿಯಿತು. ಬರೆಯುವ ಮಧ್ಯದಲ್ಲೇ ಕರೆಂಟ್ ಹೋಗಿದ್ದರೆ ಅದು ಏಳದೇ ಇರುವ ಸಾಧ್ಯತೆಯೂ ಇತ್ತು.

ಮತ್ತೆ ಅಪ್‌ಡೇಟ್ ಹಾಕಿದ್ದು

ನನ್ನ ಅಭ್ಯಾಸ ಹೇಳುತ್ತೇನೆ. ಹೊಸ ಆವೃತ್ತಿ ಬಂದ ದಿನವೇ ಹಾಕಲ್ಲ. ಎರಡು ವಾರ ಬಿಡುತ್ತೇನೆ. ಭದ್ರತೆಯ ದೋಷ ಸರಿಪಡಿಸುವುದಾದರೆ ಮಾತ್ರ ಬೇಗ. ವಾಪಸ್ ಹಳೆಯದಕ್ಕೆ ಹೋಗಲು ಹಲವು ಕಂಪನಿಗಳು ಬಿಡಲ್ಲ, ಅದಕ್ಕೇ ಈ ಹಿಂಜರಿಕೆ. ಗುಡುಗು ಮಿಂಚಿನ ಸಂಜೆ, ಮುಂಗಾರಿಗೆ ಮುಂಚಿನ ಆ ಗಾಳಿ ಮಳೆ ದಿನಗಳಲ್ಲಿ ಮುಟ್ಟಲೇ ಬೇಡಿ. ದೇಶದ ದೊಡ್ಡ ಸೋಲಾರ್ ಪಾರ್ಕುಗಳಲ್ಲಿ ಒಂದು ನಮ್ಮ ಜಿಲ್ಲೆಯ ಪಾವಗಡದಲ್ಲೇ ಇದೆ, 2050 ಮೆಗಾವಾಟ್. ಹಾಗಂತ ಮರದ ಕೊಂಬೆ ತಂತಿ ಮೇಲೆ ಬೀಳೋದು ನಿಲ್ಲುತ್ತಾ?

ಮೊದಲು ಆ್ಯಪ್‌ನ ಒಂದೊಂದು ಸೆಟ್ಟಿಂಗ್ ಪುಟವನ್ನೂ ಸ್ಕ್ರೀನ್‌ಶಾಟ್ ತೆಗೆದುಕೊಂಡೆ. ಮುಖ್ಯ ಸ್ಪೀಕರ್‌ಗೆ ರೂಟರ್‌ನಿಂದ ಲ್ಯಾನ್ ಕೇಬಲ್ ಎಳೆದೆ. ಎರಡು ಸ್ಪೀಕರ್‌ಗಳ ನಡುವೆಯೂ ವೈರ್‌ಲೆಸ್ ಬಿಟ್ಟು ಡಬ್ಬಿಯಲ್ಲಿ ಬಂದಿದ್ದ ಕೇಬಲ್ ಹಾಕಿದೆ. ಎರಡು ಸ್ಪೀಕರ್, ರೂಟರ್ ಮೂರನ್ನೂ ನನ್ನ ಕಂಪ್ಯೂಟರ್‌ನ ಸಣ್ಣ ಯುಪಿಎಸ್‌ಗೆ ಹಾಕಿದೆ, ಅದು ಬದಲಾಗುವುದು ಬೇಗ. ಆ್ಯಪ್‌ನಲ್ಲಿ "ಎಲ್ಲ ಹೊಸದಾಗಿದೆ" ಅಂತ ಬರುತ್ತಿತ್ತು, ಜೊತೆಯದಕ್ಕೆ ಬೇರೆಯಾಗಿ ಹಾಕಲು ದಾರಿ ಇರಲಿಲ್ಲ. ಕಂಪನಿಯ ಪುಟದಿಂದ ಫೈಲ್ ಇಳಿಸಿ ಪೆನ್‌ಡ್ರೈವ್‌ನಿಂದ ಹಾಕಬೇಕಾಯಿತು.

ಪೆನ್‌ಡ್ರೈವ್‌ನಲ್ಲಿ ಎರಡು ಗುಂಡಿಗಳಿವೆ, ಬೀಳಬೇಡಿ. ಡ್ರೈವ್ ಅನ್ನು ಕೈಪಿಡಿ ಹೇಳಿದ ಹಾಗೇ ಫಾರ್ಮ್ಯಾಟ್ ಮಾಡಿ, ಸಾಮಾನ್ಯವಾಗಿ ಅದು ಫ್ಯಾಟ್32. ಎರಡನೆಯದು ಫೈಲ್ ಹೆಸರು. ಒಂದೇ ಫೈಲನ್ನು ಎರಡು ಸಲ ಇಳಿಸಿದರೆ ಕಂಪ್ಯೂಟರ್ ಹೆಸರಿನ ಕೊನೆಗೆ ಒಂದು ನಂಬರ್ ಅಂಟಿಸುತ್ತದೆ. ಸ್ಪೀಕರ್ ಹುಡುಕುವುದು ಮೂಲ ಹೆಸರನ್ನು. ಸಿಗದಿದ್ದರೆ ಏನೂ ಹೇಳದೆ ಸುಮ್ಮನೆ ಕೂರುತ್ತದೆ.

ಲೈಟ್ ಮಿನುಗುವಾಗ ಕೈ ಹಾಕಬೇಡಿ. ಐದು ನಿಮಿಷ ಅಂತ ಬರೆದಿದ್ದರೆ ಇಪ್ಪತ್ತು ನಿಮಿಷ ಕಾಯಿರಿ. ನಾವು ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಮುಗಿಯಿತು. ಆಮೇಲೆ ಗೋಡೆಯ ಸ್ವಿಚ್ ಆಫ್ ಮಾಡಿ ಒಂದು ನಿಮಿಷ ಬಿಟ್ಟು ಹಾಕಿದೆ. ರಿಮೋಟ್‌ನಲ್ಲಿ ಆಫ್ ಮಾಡಿದರೆ ಅದು ಬರೀ ನಿದ್ದೆ, ಪೂರ್ತಿ ಆಫ್ ಅಲ್ಲ.

ಟಕ್ ಫೈಲ್ ಮತ್ತೆ ರೆಕಾರ್ಡ್ ಮಾಡಿದೆ. ಒಂದೇ ಗೆರೆ. ರಂಗಗೀತೆ ಹಾಕಿದೆವು. ಮೇಷ್ಟ್ರು ಕಣ್ಣು ಮುಚ್ಚಿ ಕೂತು, ಬೆರಳೆತ್ತಿ ನೇರ ಮುಂದಕ್ಕೆ ತೋರಿಸಿದರು.

ನಾಲ್ಕನೇ ಸಾಲು

ಇದು ಬೇಗ ಮುಗಿಯಿತು. ಹಬ್ಬದ ಧೂಳಿನಲ್ಲೇ ರೂಟರ್ ಕೂಡ ಜಾಗ ಬದಲಿಸಿ ಕಬ್ಬಿಣದ ಬೀರುವಿನ ಹಿಂದೆ ಸೇರಿತ್ತು. ಸಿಡಿ ಗುಣಮಟ್ಟದ ಹಾಡಿಗೆ ಬೇಕಾಗುವುದು ಸೆಕೆಂಡಿಗೆ 1.4 ಮೆಗಾಬಿಟ್. 24 ಬಿಟ್, 192 ಕಿಲೋಹರ್ಟ್ಸ್ ಆದರೂ 9.2. ಮನೆಗೆ ಬರುವ ಲೈನ್‌ನಲ್ಲಿ 100 ಇತ್ತು. ಸ್ಪೀಡ್ ಟೆಸ್ಟ್ ಮಾಡಿ ತೋರಿಸಿದರೆ ಉಪಯೋಗವಿಲ್ಲ. ಬೇಕಾದ್ದು ವೇಗ ಅಲ್ಲ, ಬಿಡದೆ ಬರೋದು. ರಾತ್ರಿ ಮಾತ್ರ ಯಾಕೆ? ಅಕ್ಕಪಕ್ಕದ ಮನೆಯವರೆಲ್ಲ ಆಗಲೇ ವೈಫೈ ಬಳಸುವುದು. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಇರೋದು ಮೂರೇ: 1, 6, 11. ಬೀರು ಸಿಗ್ನಲ್ ಕುಗ್ಗಿಸಿತ್ತು, ಪಕ್ಕದವರು ಉಳಿದಿದ್ದನ್ನು ಮುಚ್ಚಿದರು. ರೂಟರನ್ನು ಬೀರುವಿನ ಹಿಂದಿನಿಂದ ತೆಗೆದು ಶೋಕೇಸ್ ಮೇಲಿಟ್ಟೆ. ಅಪ್‌ಡೇಟ್‌ಗೆ ಅಂತ ಎಳೆದ ಲ್ಯಾನ್ ಕೇಬಲ್ಲನ್ನು ಹಾಗೇ ಬಿಟ್ಟೆ. ಅಮ್ಮನಿಗೆ ಅದು ನೆಲದ ಮೇಲೆ ಹರಿದಿರೋದು ಇಷ್ಟವಾಗಲಿಲ್ಲ, ಗೋಡೆ ಅಂಚಿಗೆ ಕ್ಲಿಪ್ ಹೊಡೆದುಕೊಟ್ಟೆ.

ಹಾಳೆಯ ನಾಲ್ಕೂ ಸಾಲಿಗೆ ಗೀಟು ಬಿತ್ತು. ಎರಡು ಅಪ್‌ಡೇಟ್‌ನದು, ಎರಡು ಪೊರಕೆಯದು. ಅದೇ ಹಾಳೆಯ ಹಿಂದೆ ಎರಡೂ ಸ್ಪೀಕರ್‌ನ ಆವೃತ್ತಿ ನಂಬರ್, ಸೆಟ್ಟಿಂಗ್, ತಾರೀಖು ಬರೆದು ಮುಖ್ಯ ಸ್ಪೀಕರ್‌ನ ಬೆನ್ನಿಗೆ ಅಂಟಿಸಿದೆವು.

ಹೊರಡುವಾಗ ಫ್ರಿಜ್ ಶುರುವಾಯಿತು. ಸ್ಪೀಕರ್‌ನಲ್ಲಿ ಒಂದು ಸಣ್ಣ ಟಿಕ್. ಇಬ್ಬರೂ ಮುಖ ಮುಖ ನೋಡಿಕೊಂಡೆವು.

"ಇದು ಅಪ್‌ಡೇಟ್‌ಗೆ ಮುಂಚೆನೂ ಇತ್ತು ಬಿಡಪ್ಪಾ," ಅಂದರು ಮೇಷ್ಟ್ರು. ಫ್ರಿಜ್ಜು, ಸ್ಪೀಕರ್ ಎರಡೂ ಒಂದೇ ಪ್ಲಗ್ ಪಾಯಿಂಟ್‌ನಿಂದ ಹೋಗಿದ್ದವು. ಬೋರ್ಡಿನಿಂದ ಸ್ಪೀಕರ್‌ಗೆ ಬೇರೆ ಲೈನ್ ಎಳೆಯಬೇಕು. ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದರೆ ಮಹಾನವಮಿ ಕಳೆದ ಮೇಲೆ ಬರ್ತೀನಿ ಅಂದ.